ದಡ ಕಾಣುತ್ತಿದೆ, ಇಳಿಯುವಂತಿಲ್ಲ!

ಮುಂಬ್ರಾದಲ್ಲಿ ಲೋಕಲ್ ಗಾಡಿ ನಿಲ್ಲುವುದು ಹೆಚ್ಚೆಂದರೆ ಅರ್ಧ ನಿಮಿಷ. ಅಷ್ಟರೊಳಗೆ ಇಳಿಯುವವರು ಇಳಿದಿರಬೇಕು, ಹತ್ತುವವರು ಹತ್ತಿರಬೇಕು. ಸಂಜೆ ಹೊತ್ತಿನಲ್ಲಿ ಕಳವಾ ಬರುವ ಮೊದಲೇ ಮುಂದೆ ನಿಂತವರ ಹೆಗಲು ತಟ್ಟಿ "ಮುಂಬ್ರಾ ಉತರ್‌ನಾ ಹೈ ಕ್ಯಾ?" ಎಂದು ಕೇಳಿ, ಬ್ಯಾಗನ್ನು ಎದೆಗೆ ಅವಚಿಕೊಂಡು ಬಾಗಿಲ ಕಡೆ ಸರಿಯದಿದ್ದರೆ ಇಳಿಯುವುದು ಮುಂಬ್ರಾದಲ್ಲಲ್ಲ, ದಿವಾದಲ್ಲಿ! ಊರಿನಿಂದ ಬಂದ ಹೊಸತರಲ್ಲಿ ನಿಮ್ಮ ಅಪ್ಪ ಅಮ್ಮಂದಿರು ಎರಡು ಮೂರು ಸಲ ಹೀಗೆ ದಿವಾ ದರ್ಶನ ಮಾಡಿ ಬಂದಿರಬಹುದು. ಇಲ್ಲೇ ಹುಟ್ಟಿ ಬೆಳೆದ ನಿಮಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ತಮಾಷೆಯಾಗಿ ಹೇಳಿದೆನಾದರೂ ಇದು ತಮಾಷೆಯ ಮಾತಲ್ಲ. ಒಳಗೆ ಹೋದರೆ ಇಳಿಯಲಾಗುವುದಿಲ್ಲ ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ಬಾಗಿಲಲ್ಲಿ ನೇತಾಡುವುದು. 2025ರ ಜೂನ್ 9ರಂದು ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರು ಹೋಗುತ್ತಿದ್ದ ಎರಡು ಗಾಡಿಗಳಿಂದ ಜನ ಕೆಳಗುರುಳಿ ಪ್ರಾಣ ಕಳೆದುಕೊಂಡದ್ದನ್ನು ನಾವು ಯಾರೂ ಮರೆತಿಲ್ಲ. ಹತ್ತುವುದರಷ್ಟೇ ಇಳಿಯುವುದೂ ಮನುಷ್ಯನಿಗೆ ದೊಡ್ಡ ಚಿಂತೆ ಎಂಬುದಕ್ಕೆ ನಮ್ಮ ಊರಿಗಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇಂಥ ಊರಿನ ಜನ ಹಡಗಿನೊಳಗೆ ಕುಳಿತು, ಇಪ್ಪತ್ತು ಮಾರು ದೂರದಲ್ಲಿ ನೆಲ ಕಾಣುತ್ತಿದ್ದರೂ ಮೂರೂವರೆ ಗಂಟೆ ಇಳಿಯಲಾಗದೆ ಚಡಪಡಿಸಿದರೆ ಹೇಗಿರಬೇಡ? ನಮ್ಮ ಸದಸ್ಯ ಕುಟುಂಬವೊಂದು ರಜೆಯಲ್ಲಿ ಕ್ರೂಸ್ ಪ್ರವಾಸಕ್ಕೆ ಹೋಗಿ ಬಂತು. (ಕಂಪನಿಯ ಹೆಸರು ಬೇಡ.) ಈಜುಕೊಳ, ನಾಟಕ, ನಾಲ್ಕು ಹೊತ್ತಿನ ಊಟ ಎಲ್ಲದರ ವರ್ಣನೆ ಐದು ನಿಮಿಷದಲ್ಲಿ ಮುಗಿಯಿತು, ಇಳಿಯುವ ದಿನದ ಕಥೆ ಮಾತ್ರ ಒಂದು ಗಂಟೆ ನಡೆಯಿತು! ಬೆಳಿಗ್ಗೆ ಆರಕ್ಕೇ ಎಬ್ಬಿಸಿದ್ದು, ಏಳಕ್ಕೆ ಕೋಣೆ ಬಿಡಿಸಿದ್ದು, ಮೆಟ್ಟಿಲ ಮೇಲೆ ಕೂರಿಸಿದ್ದು, ತಮ್ಮ ಚೀಟಿಯ ಬಣ್ಣ ಕೂಗದೇ ಇದ್ದದ್ದು, ಬದಲಿ ಬಟ್ಟೆಯನ್ನೆಲ್ಲ ರಾತ್ರಿಯೇ ಪೆಟ್ಟಿಗೆಗೆ ತುಂಬಿ ಕೊಟ್ಟ ಅಜ್ಜ ಲುಂಗಿಯಲ್ಲೇ ಉಳಿದದ್ದು... "ನಮ್ಮ ಲೋಕಲ್ಲೇ ವಾಸಿ ಅಂಕಲ್, ಕನಿಷ್ಠ ಇಳಿಸಿಯಾದರೂ ಬಿಡುತ್ತದೆ" ಎಂದ ಮನೆಯ ಹುಡುಗ.

ಅವನ ಮಾತಿಗೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹಡಗಿನಿಂದ ಇಳಿಯುವ ಈ ಕಷ್ಟಕ್ಕೂ ನಮಗೂ, ಅಂದರೆ ಕರಾವಳಿಯಿಂದ ಮುಂಬಯಿಗೆ ಬಂದ ಕನ್ನಡಿಗರಿಗೂ, ಬಹಳ ಹಳೆಯ ಸಂಬಂಧವಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣ ಎನಿಸಿತು.

ಮೊದಲು, ಹಡಗು ಇಷ್ಟು ತಡ ಮಾಡುವುದೇಕೆ? ಹಡಗು ಧಕ್ಕೆಗೆ ತಾಗಿದ ಮಾತ್ರಕ್ಕೆ ಊರು ಬಂದಂತೆ ಅಲ್ಲ. ಬಂದರಿನ ಹೊರಗೆ ಪೈಲಟ್ ಹಡಗು ಹತ್ತಬೇಕು, ಟಗ್ ದೋಣಿಗಳು ಅದನ್ನು ಮೆಲ್ಲನೆ ತಳ್ಳಿ ಗೋಡೆಗೆ ಒರಗಿಸಬೇಕು, ಹಗ್ಗಗಳು ಬಿಗಿಯಬೇಕು, ಇಳಿಯುವ ಏಣಿಸೇತುವೆ ಇಡಬೇಕು. ಮುಂಬಯಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ನಾಲ್ಕೈದು ಮೀಟರಿನ ವ್ಯತ್ಯಾಸ. ಹಡಗು ನೀರಿನೊಂದಿಗೆ ಏರಿ ಇಳಿಯುತ್ತದೆ, ಧಕ್ಕೆ ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಸಪಾಟಾಗಿದ್ದ ಸೇತುವೆ ಮಧ್ಯಾಹ್ನಕ್ಕೆ ಪಾರ್ಸಿಕ್ ಗುಡ್ಡದ ಹಾಗೆ ಕಡಿದಾಗಬಹುದು! ಮುಂಬಯಿಯ ಇಂದಿರಾ ಡಾಕಿನ ಒಳಭಾಗಕ್ಕೆ ಬಾಗಿಲುಗಳನ್ನಿಟ್ಟು ನೀರನ್ನು ಹಿಡಿದಿಟ್ಟಿರುವುದು ಇದೇ ತೊಂದರೆ ತಪ್ಪಿಸಲು.

ಆಮೇಲೆ ಕಾಗದಪತ್ರ. ಪ್ರಯಾಣಿಕರ ಪಟ್ಟಿ, ಸಿಬ್ಬಂದಿಯ ಪಟ್ಟಿ, ಆರೋಗ್ಯದ ಘೋಷಣೆ, ಕಸ್ಟಮ್ಸ್. ಹೊರದೇಶದಿಂದ ಬಂದಿದ್ದರೆ ಇಮಿಗ್ರೇಶನ್. ಬಂದರಿನ ಆರೋಗ್ಯಾಧಿಕಾರಿ ಒಪ್ಪಿಗೆ ಕೊಡುವವರೆಗೆ ಹೊರದೇಶದ ಹಡಗಿನಿಂದ ಒಬ್ಬನೂ ನೆಲಕ್ಕೆ ಕಾಲಿಡುವಂತಿಲ್ಲ. ಹಡಗಿನವರ ಭಾಷೆಯಲ್ಲಿ ಆ ಒಪ್ಪಿಗೆಗೆ ಪ್ರಾಟಿಕ್ ಎಂದು ಹೆಸರು. ಅದನ್ನು ಕೇಳಿಕೊಳ್ಳಲು ಹಡಗು ಹಳದಿ ಬಾವುಟ ಏರಿಸುತ್ತದೆ. ಈ ಹಳದಿ ಬಾವುಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇನ್ನುಳಿದದ್ದು ಬಾಗಿಲಿನ ಲೆಕ್ಕ. ಹತ್ತು ಹನ್ನೆರಡು ಅಂತಸ್ತಿನ ಹಡಗು, ಎರಡು ಮೂರು ಸಾವಿರ ಜನ. ಇಳಿಯುವ ಬಾಗಿಲು ಒಂದು, ಹೆಚ್ಚೆಂದರೆ ಎರಡು. ಹನ್ನೆರಡು ಡಬ್ಬಿಯ ಲೋಕಲಿನಲ್ಲಿ ಒಂದು ಮಗ್ಗುಲಿಗೇ ಎಷ್ಟು ಬಾಗಿಲು ಎಂದು ನೀವೇ ಎಣಿಸಿ ನೋಡಿ. ಹಿಂದಿನ ರಾತ್ರಿ ಪಡೆದುಕೊಂಡ ಪೆಟ್ಟಿಗೆಗಳನ್ನು ಕೆಳಗಿಳಿಸಿ ಹಾಲಿನಲ್ಲಿ ಬಣ್ಣಬಣ್ಣದ ಚೀಟಿಯ ಪ್ರಕಾರ ಸಾಲಾಗಿ ಇಡಬೇಕು. ಒಂದು ಬಣ್ಣದವರು ಹಾಲು ಖಾಲಿ ಮಾಡಿದ ಮೇಲೆಯೇ ಇನ್ನೊಂದು ಬಣ್ಣಕ್ಕೆ ಕರೆ. ಪೆಟ್ಟಿಗೆ ಸಿಗದೆ ಹತ್ತು ಜನ ಹಾಲಿನಲ್ಲೇ ನಿಂತರೆ ಮೇಲೆ ಸಾವಿರ ಜನ ಕಾಯುತ್ತಾರೆ. ಮಧ್ಯಾಹ್ನ ಹೊಸ ಪ್ರಯಾಣಿಕರು ಹತ್ತುವವರಿದ್ದಾರೆ, ಅಷ್ಟರಲ್ಲಿ ಕೋಣೆಗಳನ್ನು ಗುಡಿಸಿ ಹಾಸಿಗೆ ಬದಲಿಸಬೇಕು. ಆದ್ದರಿಂದಲೇ ಏಳಕ್ಕೆ ನಿಮ್ಮನ್ನು ಕೋಣೆಯಿಂದ ಎಬ್ಬಿಸಿ ಮೆಟ್ಟಿಲ ಮೇಲೆ ಕೂರಿಸುವುದು. ಇದರಲ್ಲಿ ಸ್ವಲ್ಪ ಭಾಗ ಅನಿವಾರ್ಯ, ಉಳಿದದ್ದು ವ್ಯಾಪಾರ ಎಂದು ನನ್ನ ಅಭಿಪ್ರಾಯ.

ಹಾಗೆಂದು ನುಗ್ಗಿದರೆ? ನೀರಿನ ಮೇಲೆ ನುಗ್ಗುವುದು ಎಂದರೇನು ಎಂಬುದನ್ನು ಮುಂಬಯಿ ಒಮ್ಮೆ ಕಂಡಿದೆ. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳಿರುವಾಗ, ಭಾವುಚಾ ಧಕ್ಕೆಯಿಂದ ರೇವಸಿಗೆ ಹೊರಟ 'ರಾಮದಾಸ' ಎಂಬ ಸ್ಟೀಮರು ಮುಂಬಯಿಯಿಂದ ಸ್ವಲ್ಪವೇ ದೂರದಲ್ಲಿ ಮಗುಚಿತು. ಅಲೆಯ ಹೊಡೆತಕ್ಕೆ ಹಡಗು ವಾಲಿದಾಗ ಗಾಬರಿಯಾದ ಜನ ಒಂದೇ ಮಗ್ಗುಲಿಗೆ ನುಗ್ಗಿದರು ಎನ್ನುತ್ತಾರೆ. ಸತ್ತವರು 600ಕ್ಕೂ ಹೆಚ್ಚು. ಇಂದಿನ ದೈತ್ಯ ಹಡಗುಗಳು ಜನ ಒಂದು ಕಡೆ ಸೇರಿದರೆ ಮಗುಚುವುದಿಲ್ಲ, ನಿಜ. ಆದರೆ ಹಡಗಿನವರಿಗೆ ಜನರ ನೂಕುನುಗ್ಗಲಿನ ಮೇಲಿರುವ ಭಯ ಇಂಥ ಸಾವುಗಳಿಂದಲೇ ಬಂದದ್ದು.

ಈಗ ನಮ್ಮ ಕಥೆಗೆ ಬರುತ್ತೇನೆ.

ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ 1956ರ ತನಕ ಕಾರವಾರದವರಿಗೆ ರಾಜಧಾನಿ ಎಂದರೆ ಬೊಂಬಾಯಿಯೇ. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡತೊಡಗಿದ್ದು 1998ರ ಜನವರಿ 26ರಿಂದ. ಅದಕ್ಕೆ ಮೊದಲು, ನದಿನದಿಗೂ ಸೇತುವೆಗಳಾಗುವುದಕ್ಕೂ ಮೊದಲು, ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರಿನವರಿಗೆ ಹತ್ತಿರದ ದಾರಿ ಸಮುದ್ರವೇ. ರವೀಂದ್ರನಾಥ ಠಾಕೂರರೂ 1880ರ ದಶಕದಲ್ಲಿ ಕಾರವಾರದಲ್ಲಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ಜಡ್ಜ್ ಆಗಿದ್ದರು. ಅಂಥವರಿಗೂ, ಹೊಟೇಲಿನಲ್ಲಿ ಲೋಟ ತೊಳೆಯಲು ಹೊರಟ ಹತ್ತು ವರ್ಷದ ಹುಡುಗನಿಗೂ ಸಮುದ್ರ ಒಂದೇ.

ಆಗಿನ ಪ್ರಯಾಣದಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಸಾಹಸ. ಕರಾವಳಿಯ ಹೆಚ್ಚಿನ ಬಂದರುಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರುವಂತಿರಲಿಲ್ಲ. ಮಂಗಳೂರಿನ ಹಳೆಯ ಬಂದರನ್ನೇ ತೆಗೆದುಕೊಳ್ಳಿ: ನೇತ್ರಾವತಿ ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಬಾಯಿಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗು ಹೊರಗಡೆಯೇ ಲಂಗರು ಹಾಕಿ ಸಿಳ್ಳು ಹಾಕಬೇಕು. ದಡದಿಂದ ದೋಣಿಗಳು ಬರಬೇಕು. ದೋಣಿ ಅಲೆಯ ಮೇಲೆ ಏರಿದ ಆ ಒಂದು ಕ್ಷಣದಲ್ಲಿ ಏಣಿಯಿಂದ ಕಾಲು ತೆಗೆದು ದೋಣಿಗೆ ಹಾಕಬೇಕು. ಒಂದು ಕ್ಷಣ ತಡವಾದರೆ ದೋಣಿ ಆಳು ಉದ್ದ ಕೆಳಗೆ ಹೋಗಿರುತ್ತದೆ! ಎಳೆಗೂಸುಗಳನ್ನು ಖಲಾಸಿಗಳು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಟ್ರಂಕು, ಹಾಸಿಗೆ ಸುರುಳಿ, ಉಪ್ಪಿನಕಾಯಿ ಭರಣಿಗಳು ಹಗ್ಗದಲ್ಲಿ ಇಳಿಯುತ್ತಿದ್ದವು. ಇಳಿತದ ಹೊತ್ತಾದರೆ ಭರತ ಬರುವವರೆಗೆ ಕಾಯಬೇಕು. ಕತ್ತಲಾದರೆ ಬೆಳಗಾಗುವವರೆಗೆ ಕಾಯಬೇಕು. ಮನೆಯ ತೆಂಗಿನ ತೋಟ ಕಣ್ಣಿಗೆ ಕಾಣುತ್ತಿದೆ, ಒಲೆಯ ಹೊಗೆ ಕಾಣುತ್ತಿದೆ, ಇಳಿಯುವಂತಿಲ್ಲ. ಮಳೆಗಾಲದಲ್ಲಂತೂ ಹಡಗೇ ಬಂದ್. ಜೂನ್ ಬರುವ ಮೊದಲು ಊರು ಸೇರದವನು ಗಣೇಶ ಚೌತಿಯವರೆಗೂ ಮುಂಬಯಿಯಲ್ಲೇ ಉಳಿಯಬೇಕಾಗಿತ್ತು.

ದೊಡ್ಡ ಹಡಗು ನೇರವಾಗಿ ಗೋಡೆಗೆ ಒರಗುವ ಬಂದರು ಮಂಗಳೂರಿಗೆ ಸಿಕ್ಕಿದ್ದು ಪಣಂಬೂರಿನಲ್ಲಿ ನೆಲವನ್ನೇ ಅಗೆದು ನವಮಂಗಳೂರು ಬಂದರು ಕಟ್ಟಿದ ಮೇಲೆ. ಅದು ಪ್ರಮುಖ ಬಂದರೆಂದು ಘೋಷಣೆಯಾದದ್ದು 1974ರಲ್ಲಿ. ಅಷ್ಟು ಹೊತ್ತಿಗೆ ನಮ್ಮವರು ಬಸ್ಸು ಹಿಡಿದು ಬರತೊಡಗಿದ್ದರು! ಮುಂಬಯಿ ಗೋವಾ ನಡುವೆ 'ಕೊಂಕಣ ಸೇವಕ', 'ಕೊಂಕಣ ಶಕ್ತಿ' ಹಡಗುಗಳು ಓಡುತ್ತಿದ್ದವು; 1980ರ ದಶಕ ಮುಗಿಯುವ ಹೊತ್ತಿಗೆ ಅವೂ ನಿಂತವು. 1990ರ ದಶಕದಲ್ಲಿ ಡಮಾನಿಯಾ ಕಂಪನಿಯ ಕೆಟಾಮರಾನ್ ಕೆಲವು ವರ್ಷ ಓಡಿತು, 2018ರ ಅಕ್ಟೋಬರಿನಲ್ಲಿ 'ಆಂಗ್ರಿಯಾ' ಬಂತು. ಅವೆಲ್ಲ ಪ್ರವಾಸದ ಹಡಗುಗಳು, ಟ್ರಂಕಿನ ಹಡಗುಗಳಲ್ಲ.

ಇಳಿಯಲು ಬಿಡದಿರುವುದಕ್ಕೆ ಅಲೆ, ಮರಳು, ಕತ್ತಲು ಕಾರಣವಾದರೆ ಯಾರನ್ನೂ ಬೈಯುವಂತಿಲ್ಲ. ಮನುಷ್ಯರೇ ಬಿಡದಿದ್ದರೆ? ಅದರ ಬಹುದೊಡ್ಡ ಕಥೆ ಶುರುವಾಗುವುದೂ ನಮ್ಮ ಮುಂಬಯಿಯಿಂದಲೇ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಡಾಕ್ಟರ್ ಅಕಾಸಿಯೋ ವಿಯೇಗಸ್ ಅದನ್ನು ಗುರುತಿಸಿ ಹೇಳಿದರು. ಜನ ಊರು ಬಿಟ್ಟು ಓಡತೊಡಗಿದರು. ಬೊಂಬಾಯಿಯಿಂದ ಬರುವ ಹಡಗೆಂದರೆ ಲೋಕದ ಎಲ್ಲ ಬಂದರುಗಳಿಗೂ ಗುಮಾನಿ. ರೋಗದ ಊರಿನಿಂದ ಬಂದವರನ್ನು ದೂರ ಇರಿಸುವ ಪದ್ಧತಿ ಅದಾಗಲೇ ಐನೂರು ವರ್ಷ ಹಳೆಯದು. 1377ರಲ್ಲಿ ರಗೂಸಾ ಎಂಬ ಬಂದರಿನವರು, ಅಂದರೆ ಇಂದಿನ ಡುಬ್ರೋವ್ನಿಕ್‌ನವರು, ಹೀಗೆ ಬಂದವರು ಮೂವತ್ತು ದಿನ ಹೊರಗಿರಬೇಕೆಂದು ಕಾನೂನು ಮಾಡಿದರು. ಮುಂದೆ ಅದು ನಲವತ್ತು ದಿನವಾಯಿತು. ಇಟಲಿಯವರ ಭಾಷೆಯಲ್ಲಿ ನಲವತ್ತಕ್ಕೆ ಇರುವ ಶಬ್ದದಿಂದಲೇ ಕ್ವಾರಂಟೈನ್ ಎಂಬ ಮಾತು ಹುಟ್ಟಿತು. 2020ರಲ್ಲಿ ನಮ್ಮ ಕಟ್ಟಡದ ಗೇಟಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿದ್ದ ಅದೇ ಮಾತು.

1896ರ ನವೆಂಬರ್ 30ರಂದು 'ಕೂರ್ಲಂಡ್' ಎಂಬ ಹಡಗು ಮುಂಬಯಿಯಿಂದ ದಕ್ಷಿಣ ಆಫ್ರಿಕದ ಡರ್ಬನ್ನಿಗೆ ಹೊರಟಿತು. ಹಡಗು ದಾದಾ ಅಬ್ದುಲ್ಲಾ ಕಂಪನಿಯದು. ಅದರಲ್ಲಿದ್ದ ಇಪ್ಪತ್ತೇಳು ವರ್ಷದ ವಕೀಲ ಮೋಹನದಾಸ ಗಾಂಧಿ ಮೊದಲ ಬಾರಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟಿದ್ದರು: ಕಸ್ತೂರಬಾ, ಹರಿಲಾಲ, ಮಣಿಲಾಲ, ವಿಧವೆ ಅಕ್ಕನ ಮಗ ಗೋಕುಲದಾಸ. ಬೂಟು, ಕಾಲುಚೀಲ ಹಾಕಿ ಅಭ್ಯಾಸವಿಲ್ಲದ ಮಕ್ಕಳಿಗೆ ಅದೇ ಒಂದು ಶಿಕ್ಷೆಯಾಗಿತ್ತಂತೆ. ಅದೇ ಹೊತ್ತಿಗೆ 'ನಾದರಿ' ಎಂಬ ಇನ್ನೊಂದು ಹಡಗೂ ಅಲ್ಲಿಗೇ ಹೊರಟಿತ್ತು. ಎರಡರಲ್ಲೂ ಸೇರಿ ಸುಮಾರು 800 ಜನ.

ಡಿಸೆಂಬರ್ 18ರಂದು ಹಡಗುಗಳು ಡರ್ಬನ್ ಮುಟ್ಟಿದವು. ಹಳದಿ ಬಾವುಟ ಏರಿತು. ಡಾಕ್ಟರು ಬಂದು ನೋಡಿ, ಪ್ಲೇಗಿನ ಕ್ರಿಮಿ ಬೆಳೆಯಲು ಹೆಚ್ಚೆಂದರೆ 23 ದಿನ ಬೇಕು, ಆದ್ದರಿಂದ ಮುಂಬಯಿ ಬಿಟ್ಟ 23 ದಿನ ಮುಗಿಯುವವರೆಗೆ ಯಾರೂ ಇಳಿಯಬಾರದು ಎಂದರು. ಅಂದರೆ ಇನ್ನು ಐದು ದಿನ. ಸರಿ, ಕಾಯೋಣ ಎಂದುಕೊಂಡರು ಜನ. ಐದು ದಿನ ಮುಗಿಯಿತು, ಬಾವುಟ ಇಳಿಯಲಿಲ್ಲ. ಮತ್ತೊಂದು ಅವಧಿ. ಆಮೇಲೆ ಇನ್ನೊಂದು. ಹಡಗಿನಲ್ಲಿ ಒಬ್ಬನಿಗೂ ಪ್ಲೇಗು ಇರಲಿಲ್ಲ! ನಿಜವಾದ ಕಾರಣ ದಡದ ಮೇಲಿತ್ತು. ಡರ್ಬನ್ನಿನ ಬಿಳಿಯರು ದಿನದಿನವೂ ಸಭೆ ಸೇರಿ, ಗಾಂಧಿ ಎರಡು ಹಡಗು ತುಂಬ ಹಿಂದುಸ್ತಾನದವರನ್ನು ತಂದು ನಮ್ಮ ಊರಿಗೆ ಸುರಿಯುತ್ತಿದ್ದಾನೆ, ಹಿಂದಕ್ಕೆ ಕಳಿಸಿ ಎಂದು ಕೂಗುತ್ತಿದ್ದರು. ಹಿಂದಕ್ಕೆ ಹೋಗುವವರಿಗೆ ಟಿಕೇಟಿನ ಹಣವನ್ನೂ ಕೊಡುತ್ತೇವೆ ಎಂಬ ಆಸೆ, ಇಳಿದರೆ ಸಮುದ್ರಕ್ಕೆ ತಳ್ಳುತ್ತೇವೆ ಎಂಬ ಬೆದರಿಕೆ, ಎರಡೂ ಹಡಗಿಗೆ ತಲುಪುತ್ತಿದ್ದವು.

ಹಡಗಿನೊಳಗೆ ಆ ದಿನಗಳು ಹೇಗೆ ಕಳೆದಿರಬೇಕು? ಊಟದ ನೀರಿನ ಚಿಂತೆ, ಬಸುರಿ ಹೆಂಡತಿಯ ಚಿಂತೆ, ಆಡಲು ಜಾಗವಿಲ್ಲದ ಮಕ್ಕಳು. ಗಾಂಧೀಜಿ ಪ್ರಯಾಣಿಕರ ನಡುವೆ ಓಡಾಡಿ ಧೈರ್ಯ ಹೇಳುತ್ತಿದ್ದರು, ಆಟಗಳನ್ನು ಏರ್ಪಡಿಸುತ್ತಿದ್ದರು. ಕ್ರಿಸ್ಮಸ್ ಊಟಕ್ಕೆ ಕಪ್ತಾನ ಅವರನ್ನು ಕರೆದ. ದಡದವರು ಬೆದರಿಕೆಯನ್ನು ನಿಜ ಮಾಡಿದರೆ ನಿಮ್ಮ ಅಹಿಂಸೆ ಏನು ಮಾಡೀತು ಎಂದು ಕೇಳಿದ. ಕ್ಷಮಿಸುವ ಧೈರ್ಯ ದೇವರು ಕೊಟ್ಟಾನು ಎಂಬರ್ಥದ ಉತ್ತರ ಕೊಟ್ಟರು ಗಾಂಧೀಜಿ, ಕಪ್ತಾನ ನಕ್ಕ. 800 ಜನರಲ್ಲಿ ಹಿಂದಕ್ಕೆ ಹೋಗಲು ಒಪ್ಪುವವರು ಸಿಗಲಿಲ್ಲ. ಕಡೆಗೆ 1897ರ ಜನವರಿ 13ರಂದು, ಮೂರು ವಾರಕ್ಕೂ ಮೀರಿ ಕಾಯಿಸಿದ ಮೇಲೆ, ಹಡಗುಗಳಿಗೆ ಬಂದರಿನೊಳಗೆ ಬರಲು ಅಪ್ಪಣೆಯಾಯಿತು.

ಆ ಸಂಜೆ ಇಳಿದು ನಡೆದು ಹೋಗುತ್ತಿದ್ದ ಗಾಂಧೀಜಿಯನ್ನು ಬೀದಿಯಲ್ಲಿ ಗುರುತು ಹಿಡಿದು ಕಲ್ಲು, ಕೊಳೆತ ಮೊಟ್ಟೆ ಎಸೆದರು. ಪೇಟ ಕಿತ್ತೆಸೆದು ಒದ್ದರು. ಆಗ ಅಡ್ಡ ಬಂದವರು ಆ ಊರಿನ ಪೊಲೀಸ್ ಸುಪರಿಂಟೆಂಡೆಂಟ್ ಅಲೆಕ್ಸಾಂಡರರ ಹೆಂಡತಿ. ಬಿಸಿಲಿಲ್ಲದಿದ್ದರೂ ತಮ್ಮ ಕೊಡೆ ಬಿಚ್ಚಿ ಗುಂಪಿಗೂ ಗಾಂಧಿಗೂ ನಡುವೆ ನಿಂತರು. ರಾತ್ರಿ ಪಾರ್ಸಿ ರುಸ್ತುಂಜಿಯವರ ಮನೆಯಿಂದ ಪೊಲೀಸನ ವೇಷದಲ್ಲಿ ಅವರನ್ನು ಪಾರು ಮಾಡಬೇಕಾಯಿತು. ಶಾಲೆಯಲ್ಲಿ ನಮಗೆ ಹೇಳಿಕೊಡುವುದು ಗಾಂಧೀಜಿಯನ್ನು ರೈಲಿನಿಂದ ಇಳಿಸಿದ ಕಥೆ. ಹಡಗಿನಿಂದ ಇಳಿಯಲು ಬಿಡದ ಈ ಕಥೆಯನ್ನು ಅದರ ಜೊತೆಗೇ ಹೇಳಬೇಕಿತ್ತು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಹದಿನೇಳು ವರ್ಷದ ಅನಂತರ, 1914ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ 'ಕೊಮಗಾಟ ಮಾರು' ಹಡಗಿನ 376 ಪ್ರಯಾಣಿಕರನ್ನು ಎರಡು ತಿಂಗಳು ನೀರಿನ ಮೇಲೆಯೇ ಕಾಯಿಸಿ, ಬೆರಳೆಣಿಕೆಯ ಮಂದಿಯನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕಟ್ಟಿದ್ದು ಇದೇ ಜಾತಿಯ ಕೆಲಸ.

ಆದರೆ ಕಾಯಿಸಿದ್ದೆಲ್ಲ ದ್ವೇಷವೇ ಎನ್ನುವ ಹಾಗೂ ಇಲ್ಲ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ತಡೆದು ನಿಲ್ಲಿಸಿದಾಗ ಅದರಲ್ಲಿ 3,711 ಜನರಿದ್ದರು. ಹೊಸ ರೋಗ, ಮದ್ದು ಗೊತ್ತಿಲ್ಲ; ಇಳಿಸಿದರೆ ಊರಿಗೆ ಅಪಾಯ, ಇಳಿಸದಿದ್ದರೆ ಹಡಗಿನವರಿಗೆ ಅಪಾಯ. ಸುಮಾರು ಎರಡು ವಾರ ಆರೋಗ್ಯವಾಗಿದ್ದವರಲ್ಲೂ ಹೆಚ್ಚಿನವರನ್ನು ಹೊರಗೆ ಬಿಡಲಿಲ್ಲ. ಕೊನೆಗೆ 712 ಜನರಿಗೆ ಸೋಂಕು ತಗಲಿತ್ತು. ನಮ್ಮ ಕಡೆಯೂ ಅದೇ ಭಯ: ಆ ಮಾರ್ಚ್ ಆರಂಭದಲ್ಲಿ ವಿದೇಶದ ಕ್ರೂಸ್ ಹಡಗೊಂದನ್ನು ನವಮಂಗಳೂರು ಬಂದರಿಗೆ ಬರಗೊಡಲಿಲ್ಲ.

2022ರ ಹೊಸವರ್ಷದ ಕಥೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಾರ್ಡೇಲಿಯಾ ಕಂಪನಿಯ ಹಡಗು ಮುಂಬಯಿಯಿಂದ ಸುಮಾರು 2,000 ಜನರನ್ನು ಹೊತ್ತು ಗೋವಾಕ್ಕೆ ಹೋಯಿತು. ಸಿಬ್ಬಂದಿಯೊಬ್ಬನಿಗೆ ಕೋವಿಡ್ ಎಂದು ತಿಳಿದದ್ದೇ ತಡ, ಮರ್ಮಗೋವಾದಲ್ಲಿ ಎಲ್ಲರನ್ನೂ ತಡೆದು ಪರೀಕ್ಷೆ ಮಾಡಿದರು. 66 ಜನರಿಗೆ ಸೋಂಕು. ಅವರನ್ನು ಇಳಿಸಿ ಗೋವಾದ ಆಸ್ಪತ್ರೆಗೆ ಸೇರಿಸುವ ಮಾತು ಬಂದಾಗ ಹೆಚ್ಚಿನವರು ಒಪ್ಪಲಿಲ್ಲ. ಉಳಿದವರು ಇಳಿಯಬೇಕು, ಇಳಿಸುವವರಿಲ್ಲ. ಇವರನ್ನು ಇಳಿಸಬೇಕು, ಇಳಿಯುವವರಿಲ್ಲ! ಹಡಗು ಬಂದ ದಾರಿಯಲ್ಲೇ ಮುಂಬಯಿಗೆ ಮರಳಿತು. ಇಲ್ಲಿ ಮತ್ತೆ ಎಲ್ಲರ ಪರೀಕ್ಷೆ, ವರದಿ ಬರುವವರೆಗೆ ಮತ್ತೆ ಹಡಗಿನಲ್ಲೇ ವಾಸ. ಆಗ ಇನ್ನೂ ನೂರಕ್ಕೂ ಹೆಚ್ಚು ಜನರಿಗೆ ಸೋಂಕು ಕಂಡುಬಂತು. ಕಾದದ್ದು ವ್ಯರ್ಥವಾಗಲಿಲ್ಲ ಎಂದೇ ಹೇಳಬೇಕು. ಆದರೂ ಮಕ್ಕಳೊಂದಿಗೆ ಎರಡು ದಿನದ ವಿಹಾರಕ್ಕೆಂದು ಹೋದವರ ಮನಸ್ಸು ಹೇಗಿದ್ದಿರಬಹುದು ಎಂದು ಊಹಿಸಬಹುದು.

ಇಷ್ಟೆಲ್ಲ ಕಥೆಗಳಲ್ಲಿ ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಪ್ರಯಾಣಿಕರ ಬಗ್ಗೆ. ನಾನು ನಿಮ್ಮ ಗಮನವನ್ನು ಬೇರೆ ಕಡೆ ಸೆಳೆಯಬೇಕು. ಪ್ರಯಾಣಿಕರು ಇಳಿದ ಮೇಲೂ ಹಡಗಿನಲ್ಲಿ ಉಳಿಯುವವರು ಇದ್ದಾರಲ್ಲ, ಅವರ ಕಡೆ. ಏಕೆಂದರೆ ನಮ್ಮ ಹುಡುಗರು ಈಗ ಹಡಗಿನಲ್ಲಿ ಇರುವುದು ಹೆಚ್ಚಾಗಿ ಆ ಸಾಲಿನಲ್ಲಿ. ಮಂಗಳೂರು, ಉಡುಪಿಯ ಹೊಟೇಲು ಶಿಕ್ಷಣ ಕಾಲೇಜುಗಳಿಂದ ಹಿಡಿದು ನವಿ ಮುಂಬಯಿಯ ನೆರೂಲ, ಬೇಲಾಪುರದ ನೌಕಾ ತರಬೇತಿ ಸಂಸ್ಥೆಗಳವರೆಗೆ, ಹಡಗಿನ ಕೆಲಸದ ಕನಸು ಕಾಣುವ ಹುಡುಗ ಹುಡುಗಿಯರು ನಮ್ಮ ಸಂಘದಲ್ಲೂ ಇದ್ದಾರೆ.

'ಡೈಮಂಡ್ ಪ್ರಿನ್ಸೆಸ್'ನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಕೆಲಸಗಾರರು. ಪ್ರಯಾಣಿಕರಿಗೆ ಕೋಣೆಯಿಂದ ಹೊರಗೆ ಬರಬೇಡಿ ಎಂದಾಗ ಆ ಕೋಣೆಯ ಬಾಗಿಲಿಗೆ ಮೂರು ಹೊತ್ತು ಊಟ ತಲುಪಿಸಿದವರು ಯಾರು? ಇವರೇ. ಮಲಗುವುದು ಹಂಚಿಕೊಂಡ ಕೋಣೆಯಲ್ಲಿ, ಉಣ್ಣುವುದು ಒಂದೇ ಹಾಲಿನಲ್ಲಿ. ನಮ್ಮನ್ನೂ ಇಳಿಸಿ ಎಂದು ಅವರಲ್ಲಿ ಕೆಲವರು ಮೊಬೈಲಿನಲ್ಲಿ ವಿಡಿಯೋ ಮಾಡಿ ದೇಶಕ್ಕೆ ಮೊರೆಯಿಟ್ಟರು. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ಕರೆತಂದಿತು.

ಅದೇ ವರ್ಷ ಏಪ್ರಿಲ್‌ನಲ್ಲಿ 'ಮರೆಲ್ಲಾ ಡಿಸ್ಕವರಿ' ಎಂಬ ಹಡಗು ಮುಂಬಯಿಯ ಹೊರಗೆ ಬಂದು ನಿಂತಿತು. ಪ್ರಯಾಣಿಕರಿಲ್ಲ, ಸುಮಾರು 145 ಭಾರತೀಯ ಕೆಲಸಗಾರರಿದ್ದರು. ಎದುರಿಗೆ ಕೊಲಾಬಾ, ಬಲಾರ್ಡ್ ಪಿಯರ್. ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತ್ತು. ತಮ್ಮದೇ ಊರು, ತಮ್ಮದೇ ದೇಶ, ಇಳಿಯಲು ನಿಯಮವೇ ಇರಲಿಲ್ಲ! ಏಪ್ರಿಲ್ 21ರಂದು ಕೇಂದ್ರ ಗೃಹ ಇಲಾಖೆ ಭಾರತೀಯ ನಾವಿಕರು ಇಳಿಯುವ ಹತ್ತುವ ಕ್ರಮವನ್ನು ಹೊರಡಿಸಿತು. 23ರಂದು ಅವರು ಇಳಿದರು. ಸರಕು ಹಡಗಿನವರ ಗತಿ ಇನ್ನೂ ಕಷ್ಟ. 'ಜಗ್ ಆನಂದ್' ಹಡಗಿನ 23 ಭಾರತೀಯರು 2020ರ ಜೂನಿನಿಂದ ಚೀನಾದ ಜಿಂಗ್‌ಟಾಂಗ್ ಬಂದರಿನ ಹೊರಗೆ ಆಸ್ಟ್ರೇಲಿಯದ ಕಲ್ಲಿದ್ದಲು ಹೊತ್ತು ನಿಂತರು. ಸರಕು ಇಳಿಸಲೂ ಬಿಡಲಿಲ್ಲ, ಜನರನ್ನು ಇಳಿಸಲೂ ಬಿಡಲಿಲ್ಲ. ಅವರು ಜಪಾನಿನ ಮೂಲಕ ಮನೆ ಸೇರಿದ್ದು 2021ರ ಜನವರಿಯಲ್ಲಿ. ಒಪ್ಪಂದ ಮುಗಿದರೂ ಹಡಗಿನಿಂದ ಇಳಿಯಲಾಗದ ನಾವಿಕರು ಆ ಹೊತ್ತಿಗೆ ಲೋಕದಲ್ಲಿ ಸುಮಾರು 4 ಲಕ್ಷ ಇದ್ದರೆಂದು ಅಂತರರಾಷ್ಟ್ರೀಯ ಸಂಸ್ಥೆಗಳು ಲೆಕ್ಕ ಹಾಕಿದ್ದವು.

ಹಡಗಿನ ಕೆಲಸಕ್ಕೆ ಹೊರಟವರು ಇದನ್ನು ತಿಳಿದಿರಲಿ. ನಾವಿಕರ ಹಕ್ಕುಗಳಿಗಾಗಿ ಎಂದೇ ಒಂದು ಅಂತರರಾಷ್ಟ್ರೀಯ ಒಡಂಬಡಿಕೆ ಇದೆ, 2006ರಲ್ಲಿ ಆದದ್ದು. ಭಾರತ 2015ರಲ್ಲಿ ಅದನ್ನು ಅಂಗೀಕರಿಸಿತು. ಅದರಂತೆ ಒಬ್ಬನನ್ನು ಒಂದೇ ಸಮನೆ ಹನ್ನೆರಡು ತಿಂಗಳು ಹಡಗಿನಲ್ಲಿ ಇರಿಸಿಕೊಳ್ಳುವಂತಿಲ್ಲ. ಅವಧಿ ಮುಗಿದ ಮೇಲೆ ಮನೆಗೆ ಕಳಿಸುವ ಖರ್ಚು ಹಡಗಿನ ಮಾಲೀಕನದು. ಮಾಲೀಕ ಕೈಬಿಟ್ಟರೆ ಊರಿಗೆ ಕಳಿಸಲು, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಕೊಡಲು ವಿಮೆಯ ಭದ್ರತೆ ಇರಲೇಬೇಕು. ಕೆಲಸ ಕೊಡಿಸಲು ಏಜೆಂಟರು ನಿಮ್ಮಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟು, ನಾವಿಕರ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರದ ಖರ್ಚು ಮಾತ್ರ ನಿಮ್ಮದಾಗಬಹುದು. ಬೇಲಾಪುರ, ವಾಶಿಯಲ್ಲಿ ಹೊಳೆಯುವ ಫಲಕ ಹಾಕಿಕೊಂಡು ಎರಡು ಮೂರು ಲಕ್ಷ ಕೇಳುವವರು ಯಾರಾದರೂ ಎದುರಾದರೆ, ಹಡಗು ಮಹಾನಿರ್ದೇಶನಾಲಯದ ಪರವಾನಗಿ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ಮೊದಲು ನೋಡಿ. ಒಪ್ಪಂದದ ಪ್ರತಿಯನ್ನು ಮನೆಯಲ್ಲಿ ಒಂದು ಇಟ್ಟು ಹೋಗಿ. ಹತ್ತುವ ದಿನವೇ ಇಳಿಯುವ ಷರತ್ತು ಓದಿಕೊಂಡಿರಬೇಕು.

ಇಳಿಯುವ ಸರದಿಯಲ್ಲಿ ಕೊನೆಯವರು ಯಾರು ಎಂಬುದಕ್ಕೆ ಇನ್ನೊಂದು ನೆನಪು. 2012ರ ಜನವರಿ 13ರಂದು ಇಟಲಿಯ ದಡದಲ್ಲಿ 'ಕೋಸ್ಟಾ ಕಾಂಕೋರ್ಡಿಯಾ' ಬಂಡೆಗೆ ತಾಗಿ ವಾಲಿತು. ಸುಮಾರು 4,200 ಜನರಿದ್ದರು. ಕಪ್ತಾನ ಎಲ್ಲರೂ ಇಳಿಯುವ ಮೊದಲೇ ಹಡಗು ಬಿಟ್ಟು ದಡ ಸೇರಿಕೊಂಡು ಆಮೇಲೆ 16 ವರ್ಷದ ಶಿಕ್ಷೆಗೆ ಗುರಿಯಾದ. ಸತ್ತ 32 ಜನರಲ್ಲಿ ಎಲ್ಲರಿಗಿಂತ ಕಡೆಗೆ, 2014ರ ನವೆಂಬರಿನಲ್ಲಿ, ಹಡಗನ್ನು ಒಡೆಯುವಾಗ ದೊರೆತ ಅವಶೇಷ ಒಬ್ಬ ಭಾರತೀಯ ವೇಟರನದು.

ಮುಂಬಯಿಯ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ತಪಾಸಣೆಗೆ 72 ಕೌಂಟರುಗಳು, ವರ್ಷಕ್ಕೆ 10 ಲಕ್ಷ ಪ್ರಯಾಣಿಕರ ಲೆಕ್ಕಾಚಾರ. ಮುಂದಿನ ರಜೆಗೆ ಹೋಗುವವರು ಒಂದು ಜೊತೆ ಬಟ್ಟೆ, ಮಾತ್ರೆ, ಕನ್ನಡಕ, ಮಕ್ಕಳಿಗೆ ಬಿಸ್ಕತ್ತು ಕೈಚೀಲದಲ್ಲೇ ಇಟ್ಟುಕೊಳ್ಳಿ. ಪೆಟ್ಟಿಗೆ ಚಿಕ್ಕದಾಗಿದ್ದು ನೀವೇ ಹೊತ್ತು ಇಳಿಯುವಿರಾದರೆ ಹಡಗಿನವರಿಗೆ ಮೊದಲೇ ಹೇಳಿ, ಅಂಥವರನ್ನು ಬೇಗ ಬಿಡುತ್ತಾರೆ. ಅದೇ ದಿನ ಮಧ್ಯಾಹ್ನದ ರೈಲಿಗೆ ಟಿಕೇಟು ತೆಗೆಯಬೇಡಿ!

ಮತ್ತೊಂದು ವಿನಂತಿ. ಮುಂಬ್ರಾ, ಡೊಂಬಿವಲಿ, ಕಲ್ಯಾಣದ ನಮ್ಮ ಮನೆಗಳಲ್ಲಿ ಸ್ಟೀಮರಿನಲ್ಲಿ ಬಂದು ಭಾವುಚಾ ಧಕ್ಕೆಯಲ್ಲಿ ಇಳಿದ ಹಿರಿಯರು ಇನ್ನೂ ಕೆಲವರಿದ್ದಾರೆ. ಎಲ್ಲರಿಗೂ ಈಗ ಎಂಬತ್ತು ದಾಟಿದೆ. ಯಾವ ತಿಂಗಳು ಹೊರಟಿರಿ, ಟಿಕೇಟಿಗೆ ಎಷ್ಟು ಕೊಟ್ಟಿರಿ, ದೋಣಿಗೆ ಹೇಗೆ ಇಳಿದಿರಿ, ಮುಂಬಯಿಯಲ್ಲಿ ಕರೆದುಕೊಂಡು ಹೋಗಲು ಯಾರು ಬಂದಿದ್ದರು ಎಂದು ಒಂದು ಭಾನುವಾರ ಕುಳಿತು ಕೇಳಿ. ನಿಮ್ಮ ಕನ್ನಡ ಹೇಗಿದ್ದರೂ ಚಿಂತೆಯಿಲ್ಲ, ಮೊಬೈಲಿನಲ್ಲಿ ಅವರ ದನಿಯನ್ನೇ ಹಿಡಿದು ತಂದರೂ ಸಾಕು. ಬರೆದು ಅಚ್ಚು ಹಾಕುವ ಕೆಲಸ ಸಂಪಾದಕ ಮಂಡಳಿಯದು.